ದಾಕ್ಷಾಯಣಿಯ ಪಾಸ್‌ಪೋರ್ಟಿಗೆ ಒಂದು ಮುಖ

ನಮ್ಮೂರಿನಲ್ಲಿ ಫೋಟೋ ತೆಗೆಸಿಕೊಂಡರೆ ಕೂತವರ ಮುಖ ಬರುವುದಿಲ್ಲ. ಗುಂಡಿ ಒತ್ತಿದ ಗಳಿಗೆಯಲ್ಲಿ ಅವರು ಯಾರನ್ನು ನೆನೆಯುತ್ತಿದ್ದರೋ ಅವರು ಬರುತ್ತಾರೆ. ನೆನೆದವರ ಮನಸ್ಸಿನಲ್ಲಿ ಹೇಗಿದ್ದರೋ ಹಾಗೆಯೇ ಬರುತ್ತಾರೆ, ಉಟ್ಟ ಬಟ್ಟೆ ಸಮೇತ. ಹೊರಗಿನವರಿಗೆ ಹೇಳಿದರೆ ಬಾಯಿ ತೆರೆದು ನೋಡುತ್ತಾರೆ. ನಮಗೆ ಇದು ಊರ ಬಾವಿಯ ನೀರು ಸ್ವಲ್ಪ ಸವುಳು ಎನ್ನುವಷ್ಟೇ ಸಹಜ. ಶಾಲೆಯ ಗುಂಪು ಫೋಟೋದಲ್ಲಿ ನಲವತ್ತು ಮಕ್ಕಳ ಜಾಗದಲ್ಲಿ ತಾಯಂದಿರು ಸಾಲಾಗಿ ನಿಂತಿರುತ್ತಾರೆ, ನಡುನಡುವೆ ಒಬ್ಬಿಬ್ಬರು ಗಣಿತದ ಮಾಸ್ತರರು ಇರುತ್ತಾರೆ. ಮದುವೆಗಳಲ್ಲಿ ನಾವು ಫೋಟೋ ತೆಗೆಸುವುದಿಲ್ಲ. ಮದುವೆಯಾಗಿ ಹತ್ತು ವರ್ಷ ಕಳೆದ ಮೇಲೆ, ಧೈರ್ಯವಿದ್ದ ಗಂಡ ಹೆಂಡಿರು ತೆಗೆಸುತ್ತಾರೆ. ಊರು ಬಿಟ್ಟು ಹೋದವರು ದೊಡ್ಡ ಪಟ್ಟಣದ ದೊಡ್ಡ ಕ್ಯಾಮೆರಾಗಳ ಮುಂದೆಲ್ಲ ನಿಂತು ನೋಡಿದರು, ಅಲ್ಲಿಯೂ ಅದೇ ಕಥೆಯಾಯಿತು. ಇಲ್ಲಿ ಹುಟ್ಟಿದವರು ಎಲ್ಲಿಗೆ ಹೋದರೂ ಅದು ಅವರ ಹಿಂದೆಯೇ ಹೋಗುತ್ತದೆ.

ನಾನು ಈ ಊರಿನ ಫೋಟೋದವನು, ಹೆಸರು ಮೋನಪ್ಪ. ಬಸ್ ನಿಲ್ದಾಣದ ಎದುರಿಗೆ ನಮ್ಮಪ್ಪ ಇಟ್ಟ ಸ್ಟುಡಿಯೋವನ್ನು ಅರವತ್ತರ ಹತ್ತಿರ ಬಂದರೂ ನಡೆಸಿಕೊಂಡು ಹೋಗುತ್ತಿದ್ದೇನೆ. ಕಾಲ ಬದಲಾಯಿತು, ಎಲ್ಲರ ಕೈಗೂ ಫೋನು ಬಂತು, ನಾನು ಮಾತ್ರ ಕತ್ತಲೆಕೋಣೆ, ಕೆಂಪು ದೀಪ, ತಟ್ಟೆಯ ನೀರು ಬಿಡಲಿಲ್ಲ. ಬಿಳಿ ಕಾಗದ ತಟ್ಟೆಯಲ್ಲಿ ಅಲ್ಲಾಡುತ್ತಿರುವಾಗ ಮೊದಲು ಒಂದು ಹುಬ್ಬು ಮೂಡುತ್ತದೆ, ಆಮೇಲೆ ಕಣ್ಣು. ಯಾರು ಬರುತ್ತಿದ್ದಾರೆ ಎಂದು ಕಾಯುವ ಆ ಅರ್ಧ ನಿಮಿಷ ನನಗೆ ಇವತ್ತಿಗೂ ಹಳತಾಗಿಲ್ಲ. ಹೀಗಾಗಿ ಊರಿನ ಯಾರ ಮನಸ್ಸಿನಲ್ಲಿ ಯಾರಿದ್ದಾರೆಂದು ನನಗೆ ಗೊತ್ತು, ನನಗೆ ಗೊತ್ತೆಂದು ಊರಿಗೂ ಗೊತ್ತು. ಅದಕ್ಕೇ ಫೋಟೋಗಳನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿ ಕೊಡುತ್ತೇನೆ, ಬಾಯಿಗೂ ಹಾಗೆಯೇ ಅಂಟು ಹಚ್ಚಿಕೊಂಡಿದ್ದೇನೆ.

ಸರಕಾರಿ ಕಾಗದಗಳಿಗೆ ಅವರವರ ಮುಖವೇ ಬೇಕಲ್ಲ, ಅದಕ್ಕೆ ನಮ್ಮಪ್ಪನ ಕಾಲದಿಂದ ಒಂದು ಉಪಾಯವಿದೆ. ಸ್ಟುಡಿಯೋದ ಮೂಲೆಯಲ್ಲಿ ಗಟ್ಟಿ ಚರ್ಮದ ಬೂಟುಗಳ ಸಾಲಿದೆ, ಎಲ್ಲ ಅಳತೆಯವೂ ಉಂಟು. ಬಂದವರ ಕಾಲು ನೋಡಿ ಎರಡು ಅಳತೆ ಚಿಕ್ಕ ಬೂಟು ತೊಡಿಸುತ್ತೇವೆ. ಕಾಲು ನೋಯುವಾಗ ಮನುಷ್ಯ ತನ್ನನ್ನು ಬಿಟ್ಟು ಬೇರೆ ಯಾರನ್ನೂ ನೆನೆಯುವುದಿಲ್ಲ. ನಮ್ಮ ಗುರುತಿನ ಚೀಟಿಗಳನ್ನು ನೋಡಿದ ಹೊರಗಿನವರು ಈ ಊರವರೆಲ್ಲ ಇಷ್ಟೊಂದು ಸಿಡುಕರೇ ಎಂದುಕೊಳ್ಳುತ್ತಾರೆ. ಕೈಗೂಸುಗಳ ಫೋಟೋ ಬೇಕಾದರೆ ಮಾತ್ರ ಬೂಟು ಬೇಡ, ತಾಯಿಯನ್ನು ಕೂರಿಸಿದರೆ ಸಾಕು, ಕೂಸು ಬರುತ್ತದೆ.

ದಾಕ್ಷಾಯಣಿ ನಮ್ಮ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ವೇಳೆ ಹೇಳುವವಳು. ಐವತ್ತೆರಡು ವರ್ಷ. ಹತ್ತೊಂಬತ್ತು ವರ್ಷಗಳಿಂದ ಊರಿನ ಬೆಳಗು ಅವಳ ದನಿಯಿಂದಲೇ ಶುರುವಾಗುತ್ತಿತ್ತು. ಆ ದನಿ ಕೇಳಿ ಹೆಂಗಸರು ಒಲೆ ಹಚ್ಚುತ್ತಿದ್ದರು, ದನಗಳು ತಾವಾಗಿಯೇ ಕೆರೆಯ ದಾರಿ ಹಿಡಿಯುತ್ತಿದ್ದವು. ಆದರೆ ಅವಳು ಕೂರುತ್ತಿದ್ದ ಕೋಣೆಗೆ ಕಿಟಕಿ ಇರಲಿಲ್ಲ. ಮೊದಲ ಬಸ್ಸಿಗೆ ಮುಂಚೆ ಒಳಗೆ ಹೋಗಿ ಕೊನೆಯ ಬಸ್ಸಿನ ಹಿಂದೆ ಹೊರಗೆ ಬರುತ್ತಿದ್ದಳು. ಮದುವೆಯ ಮಾತುಗಳು ಬಂದು ಬಂದು ಹೋದವು, ಆಮೇಲೆ ಬರುವುದನ್ನೇ ನಿಲ್ಲಿಸಿದವು. ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಅವಳೊಬ್ಬಳೇ. ದಿನಾ ಒಂದೂವರೆಗೆ ಬುತ್ತಿ ಹಿಡಿದು ಬಂದು ನನ್ನ ಸ್ಟುಡಿಯೋದ ಕಟ್ಟೆಯ ಮೇಲೆ ಕೂತು ಊಟ ಮಾಡುತ್ತಿದ್ದಳು, ಗಾಳಿ ಬೆಳಕು ಬೇಕೆಂದು. ಊರೆಲ್ಲ ಅವಳನ್ನು ಅಕ್ಕಾರ ಎಂದು ಕರೆಯುತ್ತಿತ್ತು. ನಾನು ಮಾತ್ರ ಅಕ್ಕ ಎನ್ನದೆ, ಅಮ್ಮಾವ್ರೇ ಎನ್ನುವ ಹಾಗೆ ಬಾಯಾರ ಎನ್ನುತ್ತಿದ್ದೆ. ಯಾಕೆಂದು ಯಾರೂ ಕೇಳಲಿಲ್ಲ, ಕೇಳಿದ್ದರೆ ನನಗೆ ಕಷ್ಟವಾಗುತ್ತಿತ್ತು.

ಆ ತಿಂಗಳ ಎರಡನೇ ತಾರೀಖು ಅವಳು ಬುತ್ತಿಯನ್ನು ಕಟ್ಟೆಯ ಮೇಲಿಟ್ಟು ಒಳಗೆ ಬಂದಳು. "ಮೋನಪ್ಪನವರ, ಪಾಸ್‌ಪೋರ್ಟ್ ಮಾಡಸಬೇಕಾಗೈತ್ರಿ. ಒಂದು ಫೋಟೋ ತೆಗೀರಿ," ಎಂದಳು.

"ಎಲ್ಲಿಗ್ರಿ ಬಾಯಾರ, ಏಕದಂ ಪಾಸ್‌ಪೋರ್ಟ್ ಅಂದ್ರ?"

"ಅಕ್ಕನ ಕಡಿ. ಅಕ್ಕನ ಕಣ್ಣು ಹೊಂಟಾವ್ರಿ. ಇನ್ನ ಎರಡು ತಿಂಗಳು, ಆಮ್ಯಾಲೆ ಏನೂ ಕಾಣೂದಿಲ್ಲಂತ ಡಾಕ್ಟರ್ ಹೇಳ್ಯಾರಂತ. ಅಷ್ಟರಾಗ ಒಮ್ಮೆ ನಿನ್ನ ಮಾರಿ ನೋಡಬೇಕು, ಬಾ ಅಂತಾಳ."

ಅಕ್ಕ ಅನಸೂಯಾ, ನಾವು ಕರೆಯುತ್ತಿದ್ದುದು ಅನಸಕ್ಕ ಎಂದು. ಮೂವತ್ತೊಂದು ವರ್ಷದ ಹಿಂದೆ ಸಮುದ್ರದಾಚೆಯ ಯಾವುದೋ ಬಂದರಿನಲ್ಲಿ ಕೆಲಸ ಮಾಡುವವನನ್ನು ಮದುವೆಯಾಗಿ ಹೋದವಳು ಮತ್ತೆ ಬಂದಿರಲಿಲ್ಲ. ಅಕ್ಕತಂಗಿಯರು ಫೋನಿನಲ್ಲಿ ಮಾತಾಡುತ್ತಿದ್ದರು. ಮುಖ ತೋರಿಸುವ ಫೋನು ಬಂದಾಗ ಅದನ್ನೂ ಮಾಡಿ ನೋಡಿದರು. ಇವಳು ಫೋನಿನ ಮುಂದೆ ಕೂತರೆ ಅಕ್ಕನ ನೆನಪು, ಆಚೆ ಕಡೆ ಅಕ್ಕನಿಗೆ ತನ್ನದೇ ಎಳೆಯ ಮುಖ ಕಾಣುತ್ತಿತ್ತು. ಅಕ್ಕ ಕೂತರೆ ಇವಳಿಗೆ ಎರಡು ಜಡೆಯ ತಾನೇ ಕಾಣುತ್ತಿದ್ದಳು. ಹೀಗೆ ಮೂವತ್ತೊಂದು ವರ್ಷ ಒಬ್ಬರ ಮುಪ್ಪನ್ನು ಒಬ್ಬರು ನೋಡಿರಲಿಲ್ಲ. ಎದುರಿಗೆ ಹೋಗಿ ನಿಂತರೆ ಮಾತ್ರ ಆಗುವ ಕೆಲಸ. ಭಾವ ಇಪ್ಪತ್ತೆಂಟನೇ ತಾರೀಖಿನ ವಿಮಾನದ ಟಿಕೀಟು ತೆಗೆಸಿ ಕಳಿಸಿದ್ದರು, ಪಾಸ್‌ಪೋರ್ಟು ಬೇಗ ಸಿಕ್ಕರೆ ಅದನ್ನು ಇನ್ನೂ ಮುಂಚಿನ ದಿನಕ್ಕೆ ಬದಲಿಸುವುದಾಗಿಯೂ ಹೇಳಿದ್ದರು.

ನಾನು ಅವಳ ಕಾಲು ನೋಡಿ ಬೂಟು ತೆಗೆದುಕೊಟ್ಟೆ. ಅವಳು ಹಲ್ಲು ಕಚ್ಚಿ ತೊಟ್ಟುಕೊಂಡಳು, ಕುಂಟುತ್ತ ಹೋಗಿ ಕುರ್ಚಿಯ ಮೇಲೆ ಕೂತಳು, ನಾನು ಗುಂಡಿ ಒತ್ತಿದೆ. ತಟ್ಟೆಯ ನೀರಿನಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಮೂಡಿ ಬಂದಳು, ಕಿವಿಯಲ್ಲಿ ಬೇವಿನ ಕಡ್ಡಿ, ಮುಖದ ತುಂಬ ತಂಟೆ.

"ಇಕಿ ಅನಸಕ್ಕ," ಎಂದಳು ದಾಕ್ಷಾಯಣಿ, ಫೋಟೋ ಹಿಡಿದು. "ಸಾಲಿಗೆ ಹೋಗುವಾಗ ನಮ್ಮಿಬ್ಬರ ನಡುವೆ ಒಂದ ಜೋಡಿ ಬೂಟ ಇದ್ವು. ಒಂದಿನ ಆಕಿ, ಒಂದಿನ ನಾನು. ಆಕಿಗೆ ಬಿಗಿ ಆಗತಿದ್ವು, ಆದ್ರೂ ನನಗ ಹೇಳತಿರಲಿಲ್ಲ. ಕಾಲು ನೋಯಾಕ ಹತ್ತಿದ ಕೂಡಲೇ ಅದ ನೆನಪಾತು ನೋಡ್ರಿ."

ಊರಿನ ಎಲ್ಲರಿಗೂ ಹೊಂದುವ ಉಪಾಯ ಇವಳಿಗೆ ತಿರುಗುಬಾಣವಾಗಿತ್ತು. ಆದರೂ ಅವಳಿಗೆ ಅವಸರ, ಆ ಫೋಟೋವನ್ನೇ ಅರ್ಜಿಗೆ ಅಂಟಿಸಿಕೊಂಡು ಹೋದಳು. ಪಾಸ್‌ಪೋರ್ಟ್ ಕಚೇರಿಯ ಸಾಹೇಬರು ಚಿಕ್ಕಲಿಂಗಯ್ಯ, ದಕ್ಷಿಣದ ಕಡೆಯಿಂದ ವರ್ಗವಾಗಿ ಬಂದವರು, ಒಳ್ಳೆಯ ಮನುಷ್ಯ. ನಮ್ಮೂರಿನ ರೀತಿಯನ್ನು ಅರ್ಥಮಾಡಿಕೊಳ್ಳಲು ಮೊದಲ ಆರು ತಿಂಗಳು ತಲೆ ಚಚ್ಚಿಕೊಂಡು ಆಮೇಲೆ ಒಗ್ಗಿಹೋಗಿದ್ದರು.

"ಅಮ್ಮಾ, ನಿಮ್ಮ ಕಷ್ಟ ನಂಗೊತ್ತಾಗತ್ತೆ," ಎಂದರಂತೆ ಅವರು. "ನಾನು ಬೇಕಾದ್ರೆ ಕಣ್ಣು ಮುಚ್ಕೊಂಡು ಮುದ್ರೆ ಹೊಡೆದುಬಿಡ್ತೀನಿ. ಆದ್ರೆ ವಿಮಾನ ಇಳಿಯೋ ಕಡೆ ಕೂತಿರ್ತಾನಲ್ಲ, ಅವನು ಕಣ್ಣು ಮುಚ್ಚಲ್ಲ ಕಣಮ್ಮ. ಒಂದು ಅರ್ಜಿಗೆ ಮೂರು ಫೋಟೋ, ವಾಪಸ್ ಆಗ್ತಿರೋದ್ರಲ್ಲಿ ಇದು ಮೊದಲ್ನೇದು. ಮೂರೂ ವಾಪಸ್ ಆದ್ರೆ ಇನ್ನೊಂದು ವರ್ಷ ಅರ್ಜಿ ಹಾಕೋ ಹಾಗಿಲ್ಲ. ನೋಡ್ಕೊಂಡು ತನ್ನಿ."

ಪೊಲೀಸರ ವಿಚಾರಣೆಯೂ ಆಯಿತು. ಕಾನ್ಸ್‌ಟೇಬಲ್ ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಓಣಿಯವರಿಗೆ ಇವರು ದಾಕ್ಷಾಯಣಿ ಹೌದೋ ಅಲ್ಲವೋ ಎಂದು ಕೇಳಿದ. "ಒಂದೀಟು ಮಾತಾಡಸ್ರಿ, ಹೇಳತೀವಿ," ಎಂದರು ಓಣಿಯವರು. ಅವಳು ಮೈಕಿನ ದನಿಯಲ್ಲಿ ಎರಡು ಬಸ್ಸಿನ ವೇಳೆ ಹೇಳಿದ ಮೇಲೆ ಎಲ್ಲರೂ ಹೌದು ಹೌದು ಎಂದು ಸಹಿ ಮಾಡಿದರು. ಅವಳು ಇದನ್ನು ಕಟ್ಟೆಯ ಮೇಲೆ ಕೂತು ನನಗೆ ಹೇಳಿ ನಕ್ಕಳು. ನಾನೂ ನಕ್ಕೆ.

ಎರಡನೇ ಫೋಟೋ ಸಮುದ್ರದಾಚೆಯಿಂದ ಬಂತು. ಕೈಗೂಸಿಗೆ ತಾಯಿ ಕೂರುವ ಹಾಗೆ ತಂಗಿಗೆ ತಾನು ಕೂರುತ್ತೇನೆಂದು ಅನಸಕ್ಕ ಅಲ್ಲಿಯೇ ಕೂತು ತೆಗೆಸಿ ಕಳಿಸಿದ್ದಳು. ನಿಜಕ್ಕೂ ದಾಕ್ಷಾಯಣಿಯೇ ಬಂದಿದ್ದಳು, ಆದರೆ ಇಪ್ಪತ್ತೊಂದು ವರ್ಷದವಳು, ಎರಡು ಜಡೆ, ಅಳು ತಡೆದ ಕಣ್ಣು. ಅಕ್ಕ ಊರು ಬಿಟ್ಟ ದಿನ ಅವಳು ಹಾಗೆ ನಿಂತಿದ್ದಳಂತೆ. ಸಾಹೇಬರು ಫೋಟೋವನ್ನೂ ಅವಳನ್ನೂ ಬಹಳ ಹೊತ್ತು ನೋಡಿ, "ಮಗಳಾ?" ಎಂದು ಕೇಳಿದರು. ಅಲ್ಲ, ನಾನೇ ಎಂದಳು. ಅವರು ನಿಟ್ಟುಸಿರು ಬಿಟ್ಟು ವಾಪಸ್ಸಿನ ಮುದ್ರೆ ಒತ್ತಿದರು. ಆ ಹೊತ್ತಿಗೆ ತಿಂಗಳಲ್ಲಿ ಹದಿಮೂರು ದಿನ ಕಳೆದಿದ್ದವು.

ಇನ್ನು ಉಳಿದದ್ದು ಒಂದೇ. ಸುಮ್ಮನೆ ಕಚೇರಿಗೆ ಒಯ್ಯುವ ಬದಲು ಮೊದಲು ಸ್ಟುಡಿಯೋದಲ್ಲೇ ಪರೀಕ್ಷೆ ಮಾಡೋಣವೆಂದು ಅವಳು ತನ್ನನ್ನು ದಿನಾ ನೋಡುವವರನ್ನು ಒಬ್ಬೊಬ್ಬರನ್ನಾಗಿ ಕರೆತಂದು ಕೂರಿಸಿದಳು. ನಿಲ್ದಾಣದ ಕಂಟ್ರೋಲರ್ ಇಮಾಮಸಾಬರು ಕೂತರು, ಅವಳನ್ನೇ ನೆನೆಯುತ್ತೇನೆಂದು ಕಣ್ಣು ಮುಚ್ಚಿ ಕೂತರು. ತಟ್ಟೆಯಲ್ಲಿ ದಿನಾ ತಡ ಮಾಡುವ ಎಂಟನೇ ನಂಬರಿನ ಬಸ್ಸಿನ ಡ್ರೈವರ್ ಬಂದ. ಇಮಾಮಸಾಬರು ಪಾಪ, ಕೈಮುಗಿದು ಹೊರಟುಹೋದರು. ಆಮೇಲೆ ಪಕ್ಕದ ಮನೆಯ ಶಂಕ್ರೆವ್ವ ಕೂತಳು. "ನಮ್ಮ ದಾಕ್ಷಾಯಣೀನ ನಾ ನೆನೆಸದ ದಿನಾನ ಇಲ್ಲ," ಎಂದು ಹೇಳಿಯೇ ಕೂತಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ನೀರಿನಲ್ಲಿ ಮೊದಲು ದಾಕ್ಷಾಯಣಿಯ ಹಸಿರು ಅಂಚಿನ ಸೀರೆ ಬಂತು, ಕೊರಳ ಸರ ಬಂತು, ತಲೆಯ ಮೇಲಿನ ಸೆರಗು ಬಂತು. ಮುಖದ ಜಾಗ ಮಾತ್ರ ಬೆಳ್ಳಗೆ ಹಾಗೇ ಉಳಿಯಿತು. ಕಾಗದವನ್ನು ಎಷ್ಟು ಅಲ್ಲಾಡಿಸಿದರೂ ಅಲ್ಲಿ ಏನೂ ಮೂಡಲಿಲ್ಲ.

ನಾನು ಅದನ್ನು ಬಚ್ಚಿಡಬೇಕೆಂದಿದ್ದೆ. ಅವಳು ಕೈಚಾಚಿ ತೆಗೆದುಕೊಂಡಳು. ಶಂಕ್ರೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಅಯ್ಯ ನನ್ನವ್ವಾ, ಹಿಂಗ್ಯಾಕ ಆತು," ಎನ್ನುತ್ತ ಹೋದಳು. ದಾಕ್ಷಾಯಣಿ ಆ ದಿನ ಬುತ್ತಿ ಬಿಚ್ಚಲಿಲ್ಲ. ಕಟ್ಟೆಯ ಮೇಲೆ ಕೂತು ಫೋಟೋ ನೋಡುತ್ತಲೇ ಇದ್ದಳು.

"ಮಂದಿ ಕೆಟ್ಟವರಲ್ರಿ," ಎಂದಳು ಆಮೇಲೆ. "ನಾನ ಆ ಖೋಲ್ಯಾಗ ಕುಂತು ಕುಂತು ಬರೇ ದನಿ ಆಗಿಬಿಟ್ಟೀನಿ. ಇಷ್ಟ ದೊಡ್ಡ ಊರಾಗ ನನ್ನ ಮಾರಿ ಯಾರ ತಲ್ಯಾಗೂ ಇಲ್ಲ ನೋಡ್ರಿ ಮೋನಪ್ಪನವರ. ಆ ಕಡಿ ಅಕ್ಕನ ತಲ್ಯಾಗ ಇರೂದು ಬ್ಯಾರೆ ಯಾವದೋ ಹುಡುಗಿ." ಕಣ್ಣೊರೆಸಿಕೊಂಡು ಎದ್ದು ಎರಡು ಗಂಟೆಯ ಬಸ್ಸು ಹೇಳಲು ಹೋದಳು. ಮೈಕಿನಲ್ಲಿ ದನಿ ಎಂದಿನ ಹಾಗೆಯೇ ಇತ್ತು.

ಈಗ ನಾನು ನನ್ನ ಲಕೋಟೆಯನ್ನು ಬಿಚ್ಚಬೇಕು. ನನ್ನ ಹೆಂಡತಿ ಕಸ್ತೂರಿ ತೀರಿಕೊಂಡು ಹನ್ನೊಂದು ವರ್ಷ. ಅವಳು ಇದ್ದಾಗಲೂ, ಹೋದ ಮೇಲೂ, ನಾನು ಕ್ಯಾಮೆರಾ ಮುಂದೆ ಕೂತಾಗಲೆಲ್ಲ ಅವಳೇ ಬರುತ್ತಿದ್ದಳು. ಐದು ವರ್ಷದ ಹಿಂದೆ ಒಂದು ಮಧ್ಯಾಹ್ನ ಹೊಸ ಲೆನ್ಸ್ ಪರೀಕ್ಷೆ ಮಾಡಲು ನಾನೇ ಕೂತು, ದಾರ ಎಳೆದು ಫೋಟೋ ತೆಗೆದುಕೊಂಡೆ. ಕಸ್ತೂರಿ ಬರುತ್ತಾಳೆಂದು ತಟ್ಟೆಯ ಮುಂದೆ ನಿಂತಿದ್ದೆ. ದಾಕ್ಷಾಯಣಿ ಬಂದಳು, ರೊಟ್ಟಿ ಮುರಿಯುತ್ತ ರಸ್ತೆಯ ಕಡೆ ನೋಡುತ್ತ. ನನಗೆ ಮೊದಲು ನಾಚಿಕೆಯಾಯಿತು, ಆಮೇಲೆ ಹೆದರಿಕೆಯಾಯಿತು, ಆಮೇಲೆ, ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು. ಅಂದಿನಿಂದ ನಾನು ಯಾವ ಕ್ಯಾಮೆರಾದ ಮುಂದೆಯೂ ಕೂತಿಲ್ಲ.

ಅಂದರೆ ಎರಡನೇ ತಾರೀಖಿನಂದೇ ನಾನು ಕೂತಿದ್ದರೆ ಅವಳ ಕೆಲಸ ಆಗಿಹೋಗುತ್ತಿತ್ತು. ಹದಿನಾಲ್ಕು ದಿನ ನಾನು ತುಟಿ ಎರಡು ಮಾಡಲಿಲ್ಲ. ಊರು ಏನಂದೀತು ಎನ್ನುವ ಅಳುಕು ಒಂದು ಪಾಲು. ಉಳಿದದ್ದನ್ನು ಹೇಳಲು ನನಗೇ ಕೆಡುಕೆನಿಸುತ್ತದೆ. ಪಾಸ್‌ಪೋರ್ಟ್ ಸಿಕ್ಕರೆ ಅವಳು ಹೋಗುತ್ತಾಳೆ, ಅಕ್ಕನ ಕಣ್ಣು ಹೋದ ಮೇಲೆ ಅಕ್ಕನ ಕೈ ಹಿಡಿದುಕೊಂಡು ಅಲ್ಲೇ ಉಳಿಯುತ್ತಾಳೆ, ನನ್ನ ಕಟ್ಟೆ ಬರಿದಾಗುತ್ತದೆ ಎಂದು ಲೆಕ್ಕ ಹಾಕಿದ್ದೆ. ಹೋಗದಿದ್ದರೆ ಚೆನ್ನಾಗಿತ್ತು ಎಂದು ಬಯಸಿದ್ದೆ. ಒಬ್ಬ ಹೆಂಗಸು ತನ್ನ ಅಕ್ಕನ ಕಣ್ಣಿನ ಬೆಳಕಿನ ಜೊತೆ ಓಟಕ್ಕೆ ಬಿದ್ದಿರುವಾಗ ನಾನು ಕಟ್ಟೆಯ ಚಿಂತೆ ಮಾಡಿಕೊಂಡು ಕೂತಿದ್ದೆ. ಆ ಬೆಳ್ಳನೆಯ ಫೋಟೋ ನೋಡಿದ ಮೇಲೆ ಮಾತ್ರ ನನಗೆ ನನ್ನ ಬಗ್ಗೆ ಹೇಸಿಗೆಯಾಯಿತು. ಯಾರ ತಲೆಯಲ್ಲೂ ತನ್ನ ಮುಖವಿಲ್ಲವೆಂದು ನಂಬಿಕೊಂಡು ಅವಳು ಬದುಕುವುದನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ಮರುದಿನ ಒಂದೂವರೆಗೆ ಅವಳು ಬಂದಾಗ ನಾನು ಬಾಗಿಲಲ್ಲೇ ನಿಂತಿದ್ದೆ. "ಬಾಯಾರ, ಬುತ್ತಿ ಆಮ್ಯಾಲೆ ಬಿಚ್ಚೀರಂತ. ಒಳಗ ಬರ್ರಿ. ಇವತ್ತ ಗುಂಡಿ ನೀವು ಒತ್ತಬೇಕು."

"ಕುಂಡ್ರಾವ್ರು ಯಾರ್ರಿ?"

"ನಾನು."

ನಮ್ಮೂರಿನಲ್ಲಿ ಇಷ್ಟು ಹೇಳಿದರೆ ಸಾಕು, ಬೇರೆ ಏನೂ ಹೇಳಬೇಕಾಗಿಲ್ಲ. ಅವಳು ನನ್ನನ್ನು ಒಮ್ಮೆ ನೋಡಿದಳು. ಸೆರಗಿನಿಂದ ಕೈ ಒರೆಸಿಕೊಂಡು, ಎಲ್ಲಿ ಒತ್ತಬೇಕು ಎಂದಷ್ಟೇ ಕೇಳಿದಳು. ತೋರಿಸಿದೆ. ಕುರ್ಚಿಯ ಮೇಲೆ ಕೂತೆ. ಹೊರಗೆ ಬಿಸಿಲು ಬೀದಿಯ ತುಂಬ ಮಲಗಿತ್ತು, ಒಳಗೆ ಬೆಳಕಿನ ಕೋಲಿನಲ್ಲಿ ಧೂಳು ತೇಲುತ್ತಿತ್ತು. ಕ್ಯಾಮೆರಾದ ಕಪ್ಪು ಬಟ್ಟೆಯ ಹಿಂದೆ ಅವಳು ಇದ್ದಳು, ಕಾಣುತ್ತಿರಲಿಲ್ಲ. ನೆನೆಯಲು ನಾನು ಪ್ರಯತ್ನವನ್ನೇನೂ ಮಾಡಬೇಕಾಗಿ ಬರಲಿಲ್ಲ.

ಕತ್ತಲೆಕೋಣೆಗೆ ಯಾರನ್ನೂ ಬಿಡುವ ಪದ್ಧತಿ ನನ್ನದಲ್ಲ, ಅಂದು ಅವಳನ್ನು ಕರೆದೆ. ತಟ್ಟೆಯ ಎರಡು ಬದಿಗೆ ಇಬ್ಬರೂ ನಿಂತೆವು. ಮೊದಲು ಎಡಗಡೆಯ ಹುಬ್ಬು, ಅದರ ಮೇಲಿನ ಹಳೆಯ ಗಾಯದ ಗೆರೆ. ಆಮೇಲೆ ಕಣ್ಣುಗಳು, ಕಣ್ಣಿನ ಸುತ್ತಲಿನ ಸುಕ್ಕು, ಕಿವಿಯ ಹತ್ತಿರ ಬೆಳ್ಳಗಾದ ಕೂದಲು, ಕೆಳತುಟಿಯ ಪಕ್ಕದ ಸಣ್ಣ ಕಪ್ಪು ಮಚ್ಚೆ. ಕಾಗದದ ಮೇಲೆ ಐವತ್ತೆರಡು ವರ್ಷದ ದಾಕ್ಷಾಯಣಿ ಪೂರ್ತಿಯಾಗಿ ಬಂದು ನಿಂತಳು, ಸ್ವಲ್ಪ ನಗುತ್ತ.

"ಇಷ್ಟ ಬೆಳ್ಳಗ ಆಗ್ಯಾವೇನ್ರಿ ಕೂದ್ಲಾ?" ಎಂದಳು, ಕಿವಿಯ ಹತ್ತಿರ ಕೈಯಾಡಿಸುತ್ತ.

"ಹೂಂ."

"ಇದು ಯಾವಾಗಿನ ನಾನು?"

"ಮೊನ್ನಿ. ಪೊಲೀಸನ ಸುದ್ದಿ ಹೇಳಿ ನಕ್ರಲ್ಲಾ, ಆವಾಗಿಂದು."

"ಎಷ್ಟ ವರ್ಷ ಆತ್ರಿ ಇದು, ಹಿಂಗ?"

"ಐದು."

"ಐದು ವರ್ಷ ನಾ ರೊಟ್ಟಿ ತಿನ್ನೂದು ನೋಡಿಕೋಂತ ಕುಂತ್ರಿ. ಒಂದಿನರ ಒಂದು ಗಿಂಡಿ ನೀರು ಬೇಕೇನಂತ ಕೇಳಲಿಲ್ಲ." ಅವಳ ದನಿಯಲ್ಲಿ ನಗು ಇತ್ತು. ಅಲ್ಲಿಗೇ ಬಿಟ್ಟಿದ್ದರೆ ನನಗೆ ಎಷ್ಟು ಹಗುರಾಗುತ್ತಿತ್ತು. ಆದರೆ ಇಷ್ಟು ಬಿಚ್ಚಿದ ಮೇಲೆ ಉಳಿದದ್ದನ್ನು ಮುಚ್ಚಿಡುವುದು ಸರಿ ಕಾಣಲಿಲ್ಲ.

"ಬಾಯಾರ, ಇದನ್ನ ನಾ ಮೊದಲನೇ ದಿನಾನ ಮಾಡಬಹುದಾಗಿತ್ತು. ಮಾಡಲಿಲ್ಲ. ನೀವು ಹೋಗಿಬಿಡ್ತೀರಿ ಅಂತ ಹೆದರಿಕೆ ಆತು. ಹದಿನಾಲ್ಕ ದಿನ ಬೇಕಂತ ಸುಮ್ಮನ ಕುಂತೆ."

ಕೆಂಪು ಬೆಳಕಿನಲ್ಲಿ ಅವಳ ಮುಖದ ನಗು ಇಳಿದುಹೋಯಿತು. "ನಮ್ಮಕ್ಕನ ಕಣ್ಣು, ಮೋನಪ್ಪನವರ," ಎಂದಳು. ಕೂಗಾಡಲಿಲ್ಲ, ಬೈಯಲಿಲ್ಲ. "ದಿನಾ ಫೋನ್ ಮಾಡಿ ಹೇಳತಿದ್ಲು, ಇವತ್ತ ಗ್ವಾಡಿ ಮ್ಯಾಲಿನ ಗಡಿಯಾರ ಕಾಣಲಿಲ್ಲ, ಇವತ್ತ ಅಕ್ಕಿಯಾಗಿನ ಹಳ್ಳು ಕಾಣಲಿಲ್ಲ ಅಂತ. ಅದನ್ನ ನಾ ನಿಮ್ಮ ಮುಂದ ದಿನಾ ಹೇಳತಿದ್ದೆ. ನೀವು ಕೇಳಿಕೋಂತ ಕುಂತಿದ್ರಿ." ಒದ್ದೆ ಫೋಟೋವನ್ನು ಕಾಗದದಲ್ಲಿ ಸುತ್ತಿಕೊಂಡು ಹೊರಗೆ ಹೋದಳು. ಬುತ್ತಿ ಕಟ್ಟೆಯ ಮೇಲೆಯೇ ಉಳಿಯಿತು. ನಾನು ಅದನ್ನು ನಿಲ್ದಾಣದ ಜವಾನನ ಕೈಲಿ ಕಳಿಸಿದೆ.

ಮರುದಿನ ಅವಳು ಮತ್ತೆ ಬಂದಳು. ಬಾಗಿಲ ಹೊರಗೇ ನಿಂತು, "ನಗಬಾರದಂತ," ಎಂದಳು. ಚಿಕ್ಕಲಿಂಗಯ್ಯನವರು ಫೋಟೋ ನೋಡಿ ಕುರ್ಚಿಯಿಂದ ಎದ್ದೇ ಬಿಟ್ಟಿದ್ದರಂತೆ. ಈ ಊರಿಗೆ ಬಂದು ಎರಡು ವರ್ಷವಾಯಿತು, ಹೀಗೆ ಎದುರಿಗಿದ್ದವರನ್ನು ಹಾಗೆಯೇ ಕೆತ್ತಿಟ್ಟ ಫೋಟೋ ನೋಡಿಲ್ಲ ಎಂದರಂತೆ. ಆಮೇಲೆ ನೆತ್ತಿ ಕೆರೆದುಕೊಂಡು, "ಆದ್ರೆ ಪಾಸ್‌ಪೋರ್ಟಲ್ಲಿ ನಗೋ ಹಾಗಿಲ್ಲ ಕಣಮ್ಮ. ಇದನ್ನ ನಾನು ನೋಡೇ ಇಲ್ಲ ಅಂತ ಇಟ್ಕೊಳ್ಳಿ. ನಗು ತೆಗೆಸಿಬಿಟ್ಟು ತನ್ನಿ," ಎಂದು ಮುದ್ರೆ ಒತ್ತದೆ ಕೈಗೆ ಕೊಟ್ಟಿದ್ದರು.

ನಾನು ಹೋಗಿ ಕುರ್ಚಿಯ ಮೇಲೆ ಕೂತೆ, ಅವಳು ಒಳಗೆ ಬಂದು ಗುಂಡಿ ಒತ್ತಿದಳು. ನಗದ ದಾಕ್ಷಾಯಣಿಯನ್ನು ನೆನೆಯುವುದು ಆ ದಿನ ನನಗೆ ಸುಲಭವಾಗಿತ್ತು. ಹಿಂದಿನ ದಿನ ಕೆಂಪು ಬೆಳಕಿನಲ್ಲಿ ನನ್ನನ್ನು ನೋಡಿದ ಆ ಎರಡು ಕಣ್ಣುಗಳು ಹಾಗೆಯೇ ಬಂದ ಮೇಲೆ ಫೋಟೋವನ್ನು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ನೋಡಿದಳು, ಲಕೋಟೆ ಕೇಳದೆ ತೆಗೆದುಕೊಂಡು ಹೋದಳು. ಅರ್ಜಿ ಅಂದೇ ಪಾಸಾಯಿತು. ಇಪ್ಪತ್ತೈದಕ್ಕೆ ಪಾಸ್‌ಪೋರ್ಟು ಅವಳ ಕೈ ಸೇರಿತು.

ಇಪ್ಪತ್ತೇಳರಂದು ಬೆಳಿಗ್ಗೆ ಅವಳು ಹೊರಟಳು. ವಿಮಾನವಿರುವ ಪಟ್ಟಣಕ್ಕೆ ನಮ್ಮೂರಿನಿಂದ ಹೋಗುವುದು ಒಂದೇ ಬಸ್ಸು. ಇಮಾಮಸಾಬರು ತಾವು ಹೇಳುತ್ತೇವೆಂದರೂ ಬಿಡದೆ ಅವಳೇ ಮೈಕಿನ ಮುಂದೆ ಕೂತಳಂತೆ. "ಪ್ರಯಾಣಿಕರ ಗಮನಕ್ಕೆ, ಐದನೇ ಅಂಕಣದಲ್ಲಿರುವ ಬಸ್ಸು ಇನ್ನು ಎರಡೇ ನಿಮಿಷದಲ್ಲಿ ಹೊರಡಲಿದೆ," ಎಂದು ಅವಳ ದನಿ ಊರಿನ ಮೇಲೆಲ್ಲ ಹರಡಿತು. ಆಮೇಲೆ ಅವಳು ಕಿಟಕಿಯಿಲ್ಲದ ಆ ಕೋಣೆಯಿಂದ ಹೊರಗೆ ಬಂದು, ಸೂಟ್‌ಕೇಸು ಎತ್ತಿಕೊಂಡು, ತಾನೇ ಕೂಗಿದ ಬಸ್ಸಿಗೆ ಓಡಿಹೋಗಿ ಹತ್ತಿದಳು. ನಾನು ಸ್ಟುಡಿಯೋದ ಬಾಗಿಲಲ್ಲಿ ನಿಂತು ನೋಡಿದೆ. ಅವಳು ಈ ಕಡೆ ತಿರುಗಲಿಲ್ಲ.

ಆಮೇಲೆ ಊರು ಸ್ವಲ್ಪ ದಿನ ದಾರಿ ತಪ್ಪಿತು. ಇಮಾಮಸಾಬರ ಒಡಕು ದನಿಗೆ ಹೆಂಗಸರು ಒಲೆ ಹಚ್ಚುವುದು ತಡವಾಯಿತು, ದನಗಳು ಹಟ್ಟಿಯ ಬಾಗಿಲಲ್ಲೇ ನಿಂತವು. ನನ್ನ ಫೋಟೋದ ಸುದ್ದಿ ಯಾರು ಹೇಳಿದರೋ, ಎಲ್ಲರಿಗೂ ಗೊತ್ತಾಗಿತ್ತು. ಯಾರೂ ನಗಲಿಲ್ಲ. ಲಕೋಟೆ ಅಂಟಿಸಿ ಕೊಡುವವನ ಮುಂದೆ ನಗಲು ಯಾರಿಗೆ ಧೈರ್ಯ? ಶಂಕ್ರೆವ್ವ ಮಾತ್ರ ಒಂದು ದಿನ ಬಂದು, "ನಿಮ್ಮ ಕಡಿಂದ ಆತಲ್ಲ ಮೋನಪ್ಪ, ನಮ್ಮ ಕಡಿಂದ ಆಗಲಿಲ್ಲ," ಎಂದು ಅತ್ತು ಹೋದಳು. ಒಂದೂವರೆಗೆ ಬೇರೆ ಯಾರಾದರೂ ಕಟ್ಟೆಯ ಮೇಲೆ ಕೂರಲು ಬಂದರೆ ನಾನು ನೀರು ಚಿಮುಕಿಸಿ ಗುಡಿಸಲು ಶುರು ಮಾಡುತ್ತಿದ್ದೆ. ಅವಳು ಸಮಯಕ್ಕೆ ಮುಟ್ಟಿದಳೋ ಇಲ್ಲವೋ, ಅಕ್ಕ ನೋಡಿದಳೋ ಇಲ್ಲವೋ ಒಂದೂ ತಿಳಿಯಲಿಲ್ಲ. ಕೇಳುವ ಮುಖ ನನಗಿರಲಿಲ್ಲ.

ಎರಡು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಸ್ಟುಡಿಯೋದ ಹಳೆಯ ಫೋನು ಬಡಿದುಕೊಂಡಿತು. ಮುಖ ಗಿಖ ತೋರಿಸುವ ಫೋನಲ್ಲ ಅದು, ಬರೀ ದನಿ ಹಾಯಿಸುವುದು.

"ಮೋನಪ್ಪನವರ, ನಾನ್ರಿ," ಎಂದಳು. "ಅಕ್ಕ ನೋಡಿದ್ಲು."

ನಾನು ಸ್ಟೂಲು ಎಳೆದುಕೊಂಡು ಕೂತೆ.

"ಒಂಬತ್ತು ದಿನ ನೋಡಿದ್ಲು. ಕಿಟಕಿ ಮುಂದ ಬೆಳಕಿಗೆ ಕುಂಡ್ರಿಸಿಕೊಂಡು, ಅಡಗಿ ಮಾಡುವಾಗ, ಬಟ್ಟಿ ಒಗಿಯುವಾಗ, ಎಲ್ಲಾ ಕಡೆ ಹಿಂದಿಂದ ಬಂದು ನೋಡಿದ್ಲು. ನೀ ಮುದುಕಿ ಆಗೀದಿ, ನಾ ಆಗಿಲ್ಲ ಅಂತ ಕಾಡಿದ್ಲು. ಹತ್ತನೇ ದಿನ ಮುಂಜಾನೆ ಎದ್ದು, ಇನ್ನ ಸಾಕು, ತುಂಬಿತು ಅಂದ್ಲು. ಅವತ್ತಿಂದ ಕಾಣವಲ್ದು."

"ಹದಿನಾಲ್ಕು ದಿನ ನಾ ಸುಮ್ಮನ ಕುಂತಿರದಿದ್ರ..." ಎಂದೆ.

"ಹೌದು," ಎಂದಳು. "ಅದನ್ನ ನಾ ಮರೆಯೂದಿಲ್ಲ. ನೀವೂ ಮರೀಬ್ಯಾಡ್ರಿ." ದೂರದಲ್ಲಿ ಎಲ್ಲೋ ಹಡಗಿನ ಕೂಗು ಕೇಳಿಸಿತು. "ಬಂದ ದಿನಾನ ಅಕ್ಕ ಪಾಸ್‌ಪೋರ್ಟ್ ಬಿಚ್ಚಿ ಕಣ್ಣ ಹತ್ತರ ಹಿಡಕೊಂಡು ನೋಡಿದ್ಲು. ಇದರಾಗ ಯಾರ ಮ್ಯಾಲೆ ಇಷ್ಟ ಸಿಟ್ಟಾಗೀದಿ ಅಂತ ಕೇಳಿದ್ಲು. ಕುಂತಾವ್ರ ಮ್ಯಾಲೆ ಅಂದೆ. ಆಕೀನೂ ನಮ್ಮೂರಾಕಿ ಅಲ್ಲೇನ್ರಿ, ತಿಳೀತು ಆಕಿಗೆ."

"ಏನಂದ್ರು?"

"ಅವತ್ತ ಏನೂ ಅನ್ನಲಿಲ್ಲ. ನಾನು, ವೀಸಾದ್ದು ಏನರ ಮಾಡಿ ಇಲ್ಲೇ ಇದ್ದುಬಿಡ್ತೀನಿ ಬಿಡು ಅಂತ ಹೋದ ವಾರ ಅಂದಿದ್ದೆ. ಆಕಿಗೆ ಇಬ್ಬರು ಹೆಣ್ಣಮಕ್ಕಳು ಅದಾರ, ಬಾಜೂ ಮನ್ಯಾಗ ಇರ್ತಾರ, ಆದ್ರೂ ನಾನ ಬೇಕು ಅಂತಾಳ ಅಂದುಕೊಂಡಿದ್ದೆ. ನಿನ್ನಿ ನನ್ನ ಮಾರಿ ಮ್ಯಾಲೆ ಕೈಯಾಡಿಸಿಕೋಂತ ಹೇಳಿದ್ಲು. ಏ ಹುಚ್ಚಿ, ನಾ ನಿನ್ನ ನೋಡೂದು ಮುಗೀತು. ಅಲ್ಲೆ ನೋಡಾವ್ರು ಇನ್ನೂ ಒಬ್ರು ಅದಾರ, ಹೋಗು ಅಂತ."

ನನ್ನ ಕಣ್ಣು ಮಂಜಾದವು. ಹೊರಗೆ ಬೀದಿ, ಬಸ್ಸು, ಕಟ್ಟೆ ಎಲ್ಲ ಒಂದರೊಳಗೊಂದು ಕಲೆಸಿಹೋದವು. ಫೋನು ಕೆಳಗಿಡುತ್ತೇನೆಂದುಕೊಂಡಳೋ ಏನೋ, ಅವಳು ಅವಸರದಿಂದ ಹೇಳಿದಳು. "ಬುಧವಾರ ಬರತೀನ್ರಿ, ಸಂಜಿ ಬಸ್ಸಿಗೆ."

"ಎಷ್ಟಕ್ಕ ಮುಟ್ಟತೈತ್ರಿ ಅದು?" ಎಂದು ಕೇಳಿದೆ. ಹತ್ತೊಂಬತ್ತು ವರ್ಷ ದಿನಾ ಕೇಳಿದ ವೇಳೆ ಅದು, ನನಗೆ ಬಾಯಿಪಾಠವಾಗಿತ್ತು. ಅವಳಿಗೂ ಅದು ಗೊತ್ತಿತ್ತು. ಆದರೂ ಮೈಕಿನ ಮುಂದೆ ಹೇಳುವ ಹಾಗೆ ಒಂದೊಂದೇ ಮಾತು ಬಿಡಿಸಿ ನನಗೊಬ್ಬನಿಗೇ ಹೇಳಿದಳು.